ಭಾನುವಾರದ ಟೆಂಪೊ

ಸೊರಬದಿಂದ ಹೊರಟು ನಾಲ್ಕು ಹಳ್ಳಿ ಸುತ್ತಿ ಬರಲು ಟೆಂಪೊಗೆ ಆರುನೂರು ರೂಪಾಯಿ ಡೀಸೆಲ್ ಬೇಕು. ಎರಡು ವರ್ಷದಿಂದ ಪ್ರತಿ ಭಾನುವಾರ ಓಡುತ್ತಿದ್ದರೂ ಬಾರಿನ ಲೆಕ್ಕದಲ್ಲಿ ಡೀಸೆಲ್‌ನ ಒಂದು ಚೀಟಿಯೂ ಇರಲಿಲ್ಲ. ಡ್ರೈವರ್‌ನ ಸಂಬಳವೂ ಇರಲಿಲ್ಲ. ಬಿಟ್ಟಿ ದುಡಿಯುವವನ ಇನ್ನೊಂದು ಕೈ ಎಲ್ಲೋ ಇರುತ್ತದೆ ಎಂಬುದು ಹೊಸ ಮ್ಯಾನೇಜರ್ ಮಲ್ಲಿಕಾರ್ಜುನನ ಅನುಭವ.

‘ಗೆಲುವು’ ಸ್ಪೋರ್ಟ್ಸ್ ಬಾರ್‌ಗೆ ಶಿಕಾರಿಪುರ, ಶಿರಾಳಕೊಪ್ಪ, ಸೊರಬ ಮೂರೂ ಕಡೆ ಶಾಖೆ. ಗೋಡೆಯಗಲದ ಪರದೆಯ ಮೇಲೆ ಕ್ರಿಕೆಟ್, ಕಬಡ್ಡಿ. ಹಳ್ಳಿ ತಂಡಗಳಿಗೆ ಜರ್ಸಿ. ಕುಡಿದವರನ್ನು ಮನೆ ಮುಟ್ಟಿಸಲು ಈ ಟೆಂಪೊ. ಅದಕ್ಕಾಗಿ ಮಾಲೀಕರ ಫೋಟೊ ಪತ್ರಿಕೆಯಲ್ಲೂ ಬಂದಿತ್ತು. ಖರ್ಚು ಯಾರದ್ದೆಂದು ಮಾತ್ರ ಅವರಿಗೇ ಗೊತ್ತಿರಲಿಲ್ಲ. ಗಾಡಿಯಲ್ಲಿ ಕಳ್ಳಮಾಲು ಸಾಗಿದರೆ ಲೈಸೆನ್ಸೇ ಹೋಗುತ್ತದೆ, ಪತ್ತೆ ಮಾಡು, ಇಲ್ಲವೇ ನಿಲ್ಲಿಸು ಎಂದು ಶಿಕಾರಿಪುರದಿಂದ ಫೋನ್ ಮಾಡಿದ್ದರು.

ಡ್ರೈವರ್ ಜಟ್ಟಪ್ಪ ಬಾಗಿಲಲ್ಲೇ ನಿಂತು ಬೈಕ್ ಕೀಗಳನ್ನು ಇಸಿದುಕೊಂಡು ಹಲಗೆಗೆ ತೂಗುಹಾಕುತ್ತಿದ್ದ. ಕೊಡದವರ ಬೈಕಿಗೆ ಅಡ್ಡ ನಿಲ್ಲುತ್ತಿದ್ದ. ಬೈದರೂ ಕದಲುತ್ತಿರಲಿಲ್ಲ.

“ಬಾರಿನ ಬಾಗಿಲು ಕಾಯ್ತಾ ಶರಬತ್ತು ಕುಡಿಯೋನು ನೀನೊಬ್ಬನೇ ಮಾರಾಯ,” ಎಂದು ಗಿರಾಕಿಗಳು ಕಿಚಾಯಿಸಿದರೆ ತಲೆ ತಗ್ಗಿಸುತ್ತಿದ್ದ.

ಆ ಸಂಜೆ ಕಬಡ್ಡಿ ಫೈನಲ್ ಮುಗಿದಾಗ ಮಲ್ಲಿಕಾರ್ಜುನನೂ ಟೆಂಪೊ ಹತ್ತಿದ. ಗಾಡಿಯ ಎರಡೂ ಬದಿಗೆ ದೊಡ್ಡದಾಗಿ ಬಾರಿನ ಹೆಸರು, ಮುಂದಿನ ಗಾಜಿನ ಮೇಲೆ ‘ನಾಗರಾಜ’ ಎಂದು ಬರೆದಿತ್ತು. ಮಗನ ಹೆಸರೇ ಎಂದು ಕೇಳಿದ. ತನಗೆ ಮದುವೆಯಾಗಿಲ್ಲ ಎಂದಷ್ಟೇ ಹೇಳಿ ಜಟ್ಟಪ್ಪ ಗೇರ್ ಬದಲಿಸಿದ.

ಹೊಸಬಾಳೆಯ ತಿರುವಿನಲ್ಲಿ ವಯಸ್ಸಾದ ಹೆಂಗಸೊಬ್ಬಳು ಕ್ಯಾನು ಹಿಡಿದು ನಿಂತಿದ್ದಳು. ಗಾಡಿಯೊಳಗೆ ಇಣುಕಿ, ಕೂತವರನ್ನು ಬೆರಳು ಮಡಚಿ ಎಣಿಸಿದಳು.

“ಹಲಗೆ ಮೇಲೆ ಎಷ್ಟು ಕೀ?”

“ಹನ್ನೊಂದು, ಅಮ್ಮ.”

ಅವಳು ಕ್ಯಾನನ್ನು ಕಿಟಕಿಗೆ ಎತ್ತಿದಳು. ಜಟ್ಟಪ್ಪ ಅವಳ ಮುಖ ನೋಡದೆ ತೆಗೆದುಕೊಂಡ.

ಸಿಕ್ಕಿಬಿದ್ದ ಕಳ್ಳ ಎಂದುಕೊಂಡು ಮಲ್ಲಿಕಾರ್ಜುನ ಕ್ಯಾನು ಕಿತ್ತುಕೊಂಡು ಮುಚ್ಚಳ ತೆಗೆದು ಮೂಸಿದ. ಡೀಸೆಲ್.

ಹೆಂಗಸಿನ ಹೆಸರು ಗುಡ್ಡಮ್ಮ. ಟೆಂಪೊ ಅವಳದೇ. ನಾಗರಾಜ ಅವಳ ಮಗ. ಐದು ವರ್ಷದ ಹಿಂದೆ ಡೇರಿಗೆ ಹಾಲು ಹಾಕಿ ನಡೆದು ಬರುತ್ತಿದ್ದಾಗ, ಇದೇ ತಿರುವಿನಲ್ಲಿ, ಇದೇ ಬಾರಿನಲ್ಲಿ ಮ್ಯಾಚ್ ನೋಡಿ ಕುಡಿದು ಬಂದವನ ಬೈಕು ಗುದ್ದಿತ್ತು. ಪರಿಹಾರದ ಹಣದಲ್ಲಿ ಈ ಹಳೆಯ ಗಾಡಿ ಕೊಂಡಿದ್ದಳು. ಡೀಸೆಲ್ ಎಮ್ಮೆಯ ಹಾಲು ಮಾರಿದ ದುಡ್ಡಿನದು.

“ಮತ್ತೆ ನಮ್ಮ ಬಾರಿನ ಹೆಸರು ಯಾಕಮ್ಮ ಬರೆಸಿದ್ರಿ?”

“ನನ್ನ ಹೆಸರು ಬರೆಸಿದ್ರೆ ಕುಡಿದೋರು ಯಾರು ಹತ್ತುತಾರೆ ತಮ್ಮ? ಬಾರ್ ಮುಚ್ಚಸಾಕೆ ನನ್ನ ಕೈಲಿ ಆಗಾದಿಲ್ಲ. ಇದಾದ್ರೆ ಆಗ್ತದೆ.”

ಮಲ್ಲಿಕಾರ್ಜುನ ಕ್ಯಾನಿನ ಮುಚ್ಚಳ ಹಾಕಿ ಜಟ್ಟಪ್ಪನಿಗೆ ಕೊಟ್ಟ. ಮುಂದಿನ ವಾರದಿಂದ ಡೀಸೆಲ್ ಬಾರಿನದು, ಸಂಬಳದ ಡ್ರೈವರನ್ನೂ ಕೊಡುತ್ತೇವೆ ಎಂದ.

ಗುಡ್ಡಮ್ಮ ತಲೆಯಾಡಿಸಿದಳು. “ಡೀಸೆಲ್ ಕೊಡು. ಡ್ರೈವರ್ ಬೇಡ. ಜೈಲಿಂದ ಬಂದ ದಿನವೇ ಇವನನ್ನ ಕರೆಸಿ ಕೀ ಕೊಟ್ಟೆ. ನನ್ನ ಮಗನಿಗೆ ಗುದ್ದಿದೋನು ಇವನೇ. ಇನ್ನು ಜನ್ಮದಲ್ಲಿ ಕುಡಿಯಾದಿಲ್ಲ ಅಂತ ನಾ ನಂಬೋದು ಇವನೊಬ್ಬನ್ನೇ.”

ಗುಡ್ಡಮ್ಮನಿಗಿದ್ದ ಒಬ್ಬನೇ ಮಗ ಹೋಗಿದ್ದ. ಆ ಸಂಜೆ ಹನ್ನೊಂದು ಜನ ಮನೆ ಸೇರಿದರು.