ಖರ್ಚಾಗದ ಮಾತ್ರೆ

ಮುಂದಿನ ತಿಂಗಳ ಔಷಧಿ ಬೇಡಿಕೆಯನ್ನು ಕಳಿಸಲು ಸರ್ಕಾರಿ ಆಸ್ಪತ್ರೆಯ ಡಾ. ತೇಜಸ್ವಿನಿ ಬಟನ್ ಒತ್ತುವುದರಲ್ಲಿದ್ದಾಗ ಚಿಕ್ಕತಾಯಮ್ಮ ಬಾಗಿಲಲ್ಲಿ ನಿಂತು ಬಿ.ಪಿ. ಮಾತ್ರೆಯ ಖಾಲಿ ಸ್ಟ್ರಿಪ್ ಎತ್ತಿ ತೋರಿಸಿದಳು.

“ಬಂತಾ ಡಾಕ್ಟ್ರಮ್ಮ? ಅನಗೋಡಿಂದ ಬಂದೆ. ತಲೆ ಗಿರ್ ಅಂತದೆ.”

“ಬಂದಿಲ್ಲಮ್ಮ, ಬರೋ ತಿಂಗ್ಳು ನೋಡಿ,” ಎಂದು ಫಾರ್ಮಸಿಸ್ಟ್ ಶಿವನಂಜಪ್ಪ ತಲೆ ಎತ್ತದೆ ಹೇಳಿದ.

“ಓದ್ ತಿಂಗ್ಳೂ ಅಂಗೇ ಅಂದ್ರಿ, ಬುಡಿ.” ಆಕೆ ಸ್ಟ್ರಿಪ್ಪನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ಹಾಕಿಕೊಂಡು, ಕಂಬ ಹಿಡಿದು ಮೆಲ್ಲಗೆ ಮೆಟ್ಟಿಲಿಳಿದಳು.

ಬೆಳಗಿನಿಂದ ಶಿವನಂಜಪ್ಪ ತುಂಬಿದ ಅಂಕಿ ನೋಡಿ ಉರಿಯುತ್ತಿದ್ದ ಕಣ್ಣನ್ನು ತೇಜಸ್ವಿನಿ ಒಮ್ಮೆ ಉಜ್ಜಿಕೊಂಡು ಪರದೆ ನೋಡಿದಳು. ಬಿ.ಪಿ. ಮಾತ್ರೆಯ ಎದುರು ಬೇಡಿಕೆ ಸೊನ್ನೆ ಎಂದಿತ್ತು.

“ಇದ್ಯಾಕೆ ಸೊನ್ನೆ, ಶಿವನಂಜಪ್ಪನೋರೆ?”

“ಹೋದ ತಿಂಗ್ಳ ಖರ್ಚು ನೋಡ್ಕೊಂಡು ತಾನೆ ಮೇಡಂ ಬೇಡಿಕೆ ಹಾಕೋದು. ಒಂದು ಮಾತ್ರೆನೂ ಖರ್ಚಾಗಿಲ್ಲ.”

“ಯಾಕೆ ಖರ್ಚಾಗಿಲ್ಲ?”

“ಸ್ಟಾಕೇ ಇರ್ಲಿಲ್ವಲ್ಲ.” ಹೇಳಿದ ಮೇಲೆ ಅವನೇ ತಲೆ ಎತ್ತಿ ಆ ಸೊನ್ನೆಯನ್ನು ನೋಡಿದ.

ಅವಳು ಸೊನ್ನೆಯನ್ನು ಅಳಿಸಿ, ಊರೂರಿನ ಬಿ.ಪಿ. ರೋಗಿಗಳಿಗೆಲ್ಲ ಸಾಕಾಗುವಷ್ಟು ಮಾತ್ರೆಯ ಲೆಕ್ಕ ಹಾಕಿದಳು. ಶಿವನಂಜಪ್ಪ ಕುರ್ಚಿ ಹತ್ತಿರ ಎಳೆದುಕೊಂಡ. “ಖರ್ಚೇ ಇಲ್ದೆ ಇಷ್ಟು ಕೇಳಿದ್ರೆ ಮೇಲಿನೋರು ಕಾರಣ ಕೇಳ್ತಾರೆ ಮೇಡಂ.”

ತೇಜಸ್ವಿನಿ ಕಿಟಕಿಯಾಚೆ ನೋಡಿದಳು. ಚಿಕ್ಕತಾಯಮ್ಮ ಗೇಟು ದಾಟಿರಲಿಲ್ಲ. ತಲೆ ಹಿಡಿದುಕೊಂಡು ಅದರ ಬುಡದಲ್ಲೇ ಕುಸಿದು ಕೂತಿದ್ದಳು.

“ಕೇಳ್ಲಿ,” ಎನ್ನುತ್ತ ಅವಳು ತೋಳಿಗೆ ಸುತ್ತಿ ಬಿ.ಪಿ. ನೋಡುವ ಪಟ್ಟಿಯನ್ನು ಕೈಗೆತ್ತಿಕೊಂಡಳು. “ಮೊದ್ಲು ಹೋಗಿ ಆ ಕಾರಣನ ಒಳಗೆ ಕರ್ಕೊಂಡು ಬನ್ನಿ.”