ತತ್ತಿ ಕಂಪನಿಯ ಪಾಲುದಾರರು

ಮಸಗುಪ್ಪಿಯ ತವರಿಗೆ ಹೋಗುತ್ತೇನೆಂದು ಹೊರಟ ರಾಜಮತಿ ಗೋಕಾಕದ ಬಸ್ಸು ಹತ್ತಲಿಲ್ಲ. ಕಣಗಲಾದ ಬಸ್ಸು ಹತ್ತಿದಳು.

ಹುಕ್ಕೇರಿ ಬಸ್‌ಸ್ಟ್ಯಾಂಡಿನ ಎದುರಿನ ತನ್ನ ಅರಿವೆ ಅಂಗಡಿಯಿಂದ ಗಂಡ ನೇಮಿನಾಥ ಇದನ್ನು ಕಂಡ. ತವರು ಮೂಡಣಕ್ಕೆ, ಬಸ್ಸು ಪಡುವಣಕ್ಕೆ! ಅಳೆಯುತ್ತಿದ್ದ ಬಟ್ಟೆಯನ್ನು ಗಿರಾಕಿಯ ಕೈಗೇ ತುರುಕಿ ಸ್ಕೂಟರ್ ಒದ್ದ.

ಕಣಗಲಾದಲ್ಲಿ ಅವನ ಗುಟ್ಟೊಂದಿತ್ತು. ಅಲ್ಲಿನ ತತ್ತಿ ಕಂಪನಿಯಲ್ಲಿ ಅರ್ಧ ಪಾಲು ಅವನದು. ಉಳ್ಳಾಗಡ್ಡಿಯನ್ನೂ ಒಳಗೆ ಬಿಡದ ಜೈನರ ಮನೆ. ಹೆಂಡತಿಗೆ ಗೊತ್ತಾದರೆ ಬಸದಿ ಹಾಗಿರಲಿ, ಅಡುಗೆಮನೆಯ ಹೊಸ್ತಿಲು ದಾಟುವುದೂ ಕಷ್ಟ. ಗೊತ್ತಿದ್ದವನು ಮ್ಯಾನೇಜರ್ ಭೀಮರಾಯ ಒಬ್ಬನೇ.

ಉಳಿದರ್ಧವನ್ನು ಹೋದ ವರ್ಷ ಗೋಕಾಕದ ವಕೀಲನೊಬ್ಬನ ಮೂಲಕ ಯಾರೋ ಕೊಂಡಿದ್ದರು. ಮುಖ ತೋರಿಸಿರಲಿಲ್ಲ. ತಕರಾರು ಮಾತ್ರ ತಪ್ಪದೆ ಬರುತ್ತಿತ್ತು: ಒಂದು ಪಂಜರಕ್ಕೆ ಐದು ಕೋಳಿ ತುರುಕಬೇಡಿ, ಮೂರೇ ಇಡಿ. ಮುದಿ ಕೋಳಿ ಮತ್ತೆ ತತ್ತಿ ಇಡಲೆಂದು ದಿನಗಟ್ಟಲೆ ಉಪವಾಸ ಕೆಡವಬೇಡಿ.

"ಕಂಪನಿ ನಮ್ಮದು ಅಂದಮ್ಯಾಲ ಅವುಗಳ ಸಂಕಟಾನೂ ನಮ್ಮದ ಅಂತಾರ್ರಿ ಅವರು," ಎಂದು ಭೀಮರಾಯ ಹೇಳಿದಾಗ ನೇಮಿನಾಥ ಹಣೆ ಚಚ್ಚಿಕೊಂಡಿದ್ದ. "ಕೋಳಿಗೆ ಬಂಗ್ಲೆ ಕಟ್ಟಸ್ತಾನೇನ ಅವ?" ಎಂದು ಒಂದಕ್ಕೂ ಒಪ್ಪಿರಲಿಲ್ಲ. ಇವತ್ತು ಮಧ್ಯಾಹ್ನ ಮೊದಲ ಸಲ ಎದುರುಬದುರು ಕುಳಿತು ಇತ್ಯರ್ಥ ಮಾಡುವುದಿತ್ತು.

ಸಂಕೇಶ್ವರದ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಮರೆಯಲ್ಲಿ ಬಸ್ಸಿನ ಬೆನ್ನು ಹತ್ತಿದ ನೇಮಿನಾಥನ ತಲೆ ಗಿರಗಿರ ತಿರುಗುತ್ತಿತ್ತು. ಇವಳಿಗೆ ಯಾರು ಚಾಡಿ ಹೇಳಿದರು? ತಾನಂತೂ ಅವಳ ವ್ಯವಹಾರಕ್ಕೆ ತಲೆ ಹಾಕಿದವನಲ್ಲ. ತವರಿನವರು ಕೊಟ್ಟ ಹೊಲ ಮಾರಿದಾಗಲೂ ದುಡ್ಡೇನು ಮಾಡಿದೆ ಎಂದು ಕೇಳಿರಲಿಲ್ಲ. ಕೇಳಿದರೆ ಅವಳೂ ತಿರುಗಿ ಕೇಳಿಯಾಳು!

ಕಣಗಲಾದಲ್ಲಿ ಇಳಿದ ರಾಜಮತಿ ಅತ್ತಿತ್ತ ನೋಡದೆ ನೇರ ಕಂಪನಿಯ ಗೇಟು ಹೊಕ್ಕಳು. ನೇಮಿನಾಥ ಹಿತ್ತಲ ಬೇಲಿ ಹಾರಿದ. ಧೋತರ ಹರಿಯಿತು. ಕೋಳಿ ಶೆಡ್ಡಿಗೆ ನುಗ್ಗಿ ಎರಡು ಪಂಜರದ ಸಾಲುಗಳ ನಡುವೆ ಕುಕ್ಕರಗಾಲಲ್ಲಿ ಕೂತ. ಮೊಣಕೈ ಬಿಚ್ಚಲು ಜಾಗವಿಲ್ಲ. ಒಂದು ಕೋಳಿ ಕಿವಿ ಕುಟುಕಿತು. ಇನ್ನೊಂದು ಟೋಪಿ ಎಳೆಯಿತು. ಅವನು ಸೀನಿದ್ದೇ ತಡ, ಇಡೀ ಶೆಡ್ಡೇ ಕೂಗಿಕೊಂಡಿತು.

ಓಡಿ ಬಂದ ಭೀಮರಾಯ ಕಣ್ಣರಳಿಸಿದ. "ಸಾವಕಾರ್ರ! ಇದೇನ್ರಿ ಅವತಾರ?"

"ಸಣ್ಣಗ ಮಾತಾಡೋ! ಈಗ ಒಳಗ ಬಂದಾಕಿ ನನ್ನ ಹೇಂತಿ!"

ಭೀಮರಾಯನ ಬಾಯಿ ತೆರೆದದ್ದು ತೆರೆದೇ ಇತ್ತು. "ಅವರು... ನಿಮ್ಮ ಮನ್ಯಾವ್ರೇನ್ರಿ?" ಎಂದವನಿಗೆ ಯಾಕೋ ಕೆಮ್ಮು ಒತ್ತರಿಸಿಕೊಂಡು ಬಂತು.

"ಎಲ್ಲಿ ಅದಾಳ?"

"ಆಫೀಸಿನ್ಯಾಗ್ರಿ. ಚಾ ಕೊಟ್ಟೀನಿ."

"ಆ ಗೋಕಾಕದ ಪಾರ್ಟನರ್?"

"ಅವರೂ ಆಫೀಸಿನ್ಯಾಗ ಅದಾರ್ರಿ."

"ಇಬ್ರೂ ಒಂದ ಖೋಲ್ಯಾಗ? ಜಗಳಾ ಹತ್ತಿಲ್ಲೇನ?"

"ಇಲ್ರಿ," ಭೀಮರಾಯ ಮೀಸೆ ಒರೆಸಿಕೊಂಡ, "ಭಾಳ ಹೊಂದಿಕೊಂಡಾರ."

ನೇಮಿನಾಥ ಲೆಕ್ಕ ಹಾಕಿದ. ಪಾರ್ಟನರ್ ಈಗ ತನ್ನನ್ನು ಎದುರಿಗೆ ಕರೆಸಿದರೆ ಸಂಸಾರ ಮುಗಿಯಿತು. ಏನು ಕೊಟ್ಟಾದರೂ ಆ ಭೇಟಿ ತಪ್ಪಿಸಬೇಕು.

"ಭೀಮರಾಯ, ಅವಂಗ ಹೇಳು. ಅವ ಕೇಳಿದ್ದೆಲ್ಲಾ ಕಬೂಲ್. ಪಂಜರಕ್ಕ ಮೂರಂದ್ರ ಮೂರು. ಉಪವಾಸ ಬಂದ್. ನನ್ನನ್ನ ಮಾತ್ರ ಎದುರಿಗೆ ಕರೀಬಾರ್ದು!"

"ಖರೇನ್ರಿ? ಆಮ್ಯಾಲ ತಿರುಗಿ ಬೀಳಂಗಿಲ್ಲಲ್ಲ?"

"ಪಾರ್ಶ್ವನಾಥನ ಆಣಿ! ಇವತ್ತಿಂದನ ಸುರು ಮಾಡು. ಹೋಗೋ ಮಾರಾಯಾ!"

ಭೀಮರಾಯ ಹೋಗಲಿಲ್ಲ. ನಿಂತಲ್ಲಿಂದಲೇ ಆಫೀಸಿನ ಕಡೆ ಮುಖ ಮಾಡಿ, ಅಂಗಳಕ್ಕೆಲ್ಲ ಕೇಳುವಂತೆ ಕೂಗಿದ:

"ರಾಜಮತಿ ಅಕ್ಕಾರ, ನೀವ ಗೆದ್ರಿ! ನಿಮ್ಮ ಪಾರ್ಟನರ್ ಎಲ್ಲಾ ಒಪ್ಯಾರ!"