ಹಿಂದಿನ ಸೀಟು

ನಡುರಸ್ತೆಯಲ್ಲಿ ಕೈಮುಗಿದು ನಿಂತ ಮುದುಕನನ್ನು ಕಂಡು ಪ್ರಭುಲಿಂಗಪ್ಪ ಮೋಟಾರು ನಿಲ್ಲಿಸಿದ. ಪಕ್ಕದಲ್ಲಿ ಗಾಲಿ ಮುರಿದ ಚಕ್ಕಡಿಯೊಳಗೆ ಒಬ್ಬ ಬಸುರಿ ಹುಡುಗಿ ನೋವು ತಿನ್ನುತ್ತಿದ್ದಳು.

"ನನ್ನ ಮಗಳ್ರಿ ಸಾವ್ಕಾರ್ರ. ಹಾವೇರಿ ದವಾಖಾನಿ ತನಕಾ ಕರಕೊಂಡು ಹೋಗ್ರಿ."

ಪ್ರಭುಲಿಂಗಪ್ಪನ ಕೈ ಸ್ಟಿಯರಿಂಗ್ ಬಿಡಲಿಲ್ಲ. ಬ್ಯಾಡಗಿಯ ಈ ಮೆಣಸಿನಕಾಯಿ ವ್ಯಾಪಾರಿ ಸಣ್ಣ ಮೋಟಾರು ಕೊಂಡು ವರ್ಷವಾಗಿತ್ತು. ಕೊಂಡ ಹೊಸದರಲ್ಲೇ ಮಗಳು ನೀಲವ್ವ ಇದೇ ದಾರಿಯಲ್ಲಿ, ಹಿಂದಿನ ಸೀಟಿನಲ್ಲಿ, ಹೆರಿಗೆ ನೋವಿನಲ್ಲೇ ತೀರಿಕೊಂಡಿದ್ದಳು. ಅಂದಿನಿಂದ ಅಲ್ಲಿ ಅವನು ಯಾರನ್ನೂ ಕೂಡ್ರಿಸಿರಲಿಲ್ಲ. ಒಬ್ಬನೇ ಹೊರಟಾಗಲೂ ಬೆನ್ನ ಹಿಂದೆ ಅವಳ ಏದುಸಿರು ಕೇಳುತ್ತಿತ್ತು.

ಪಕ್ಕದಲ್ಲಿ ಕೂತಿದ್ದ ಹೆಂಡತಿ ಪ್ರೇಮವ್ವ ಇಳಿದಳು. ಹಿಂದಿನ ಬಾಗಿಲು ತೆಗೆದು, ಮುದುಕನ ಜೊತೆ ಹುಡುಗಿಯನ್ನು ಚಕ್ಕಡಿಯಿಂದ ಎತ್ತಿ ತಂದು ಮಲಗಿಸಿ, ತಾನೂ ಒಳಗೆ ಕೂತು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುದುಕ ಮುಂದೆ ಹತ್ತಿದ.

"ಲಗೂ ನಡೀರಿ," ಅಂದಳು ಪ್ರೇಮವ್ವ.

ಮೋಟಾರು ಹೊರಟಿತು. ನರಳಾಟ ಹೆಚ್ಚಾದಾಗ ಪ್ರಭುಲಿಂಗಪ್ಪ ಹಿಂದೆ ತಿರುಗಿ ನೋಡದೆಯೇ, "ಸ್ವಲ್ಪ ತಡಕೋ ನೀಲಾ, ಹಾವೇರಿ ಬಂತು," ಅಂದ.

ತನ್ನ ಮಗಳ ಹೆಸರು ಅದಲ್ಲವೆಂದು ಹೇಳಲು ಮುದುಕ ಬಾಯಿ ತೆರೆದ.

ಅಷ್ಟರಲ್ಲಿ ಹುಡುಗಿ, "ಹೂಂ ಅಪ್ಪಾ," ಅಂದಳು.